ಹದ ಹಿಡಿಯುವುದು, ಹದ ಕಲಿಯುವುದು: ಮೆಣಸಿನ ಡ್ರೈಯರ್ ಮುಂದೆ ಕಂಟ್ರೋಲ್ ಥಿಯರಿ

ಕಾಳುಮೆಣಸು ಶೇ 12ಕ್ಕಿಂತ ಹಸಿ ಉಳಿದರೆ ಚೀಲದಲ್ಲಿ ಬೂಸ್ಟು ಹಿಡಿಯುವ ಭಯ. ಅತಿಯಾಗಿ ಒಣಗಿಸಿದರೆ ತೂಕಕ್ಕೆ ಪೆಟ್ಟು. ಎಷ್ಟು ಪೆಟ್ಟು ಎಂದು ಲೆಕ್ಕ ಹಾಕುವುದು ಸುಲಭ. ಶೇ 11 ತೇವಾಂಶದ ಒಂದು ಕ್ವಿಂಟಾಲಿನಲ್ಲಿ ಒಣ ಪದಾರ್ಥ 89 ಕೆಜಿ. ತೇವಾಂಶ ಶೇ 10ಕ್ಕೆ ಇಳಿದರೂ ಆ 89 ಕೆಜಿ ಹಾಗೇ ಇರುತ್ತದೆ, ಒಟ್ಟು ತೂಕ ಮಾತ್ರ 98.9 ಕೆಜಿ ಆಗುತ್ತದೆ. ಒಂದು ಅಂಶ ಹೆಚ್ಚು ಒಣಗಿಸಿದ್ದಕ್ಕೆ ಕ್ವಿಂಟಾಲಿಗೆ 1.1 ಕೆಜಿ ಮೆಣಸಿನ ಬೆಲೆ ಗಾಳಿಗೆ ಹೋಯಿತು. ತೀರ್ಥಹಳ್ಳಿ, ಹೊಸನಗರದ ಕಡೆ ಅಂಗಳದಲ್ಲಿ ಮೆಣಸು ಕೆದಕುವವರಿಗೆ ಇದು ಕೈ ಅಂದಾಜಿನಲ್ಲೇ ಗೊತ್ತು. ಡ್ರೈಯರ್ ಬಂದಮೇಲೆ ಅದೇ ಅಂದಾಜನ್ನು ಗಂಟೆಗಳ ಲೆಕ್ಕದಲ್ಲಿ ಹಿಡಿಯಬೇಕಾಗಿದೆ. ಪ್ರಯೋಗ ವಿನ್ಯಾಸ (ಪ್ರಯೋಗಗಳನ್ನು ಹೇಗೆ ಜೋಡಿಸಿ ಕಲಿಯಬೇಕು ಎನ್ನುವುದು) ಮತ್ತು ಕಂಟ್ರೋಲ್ ಥಿಯರಿ (ಬಂದ ಅಂಕಿ ನೋಡಿ ವ್ಯವಸ್ಥೆಯನ್ನು ಗುರಿಯಲ್ಲಿ ಹಿಡಿದಿಡುವ ನಿಯಂತ್ರಣ) ಎಂಬ ಎರಡು ಶಾಸ್ತ್ರಗಳು ಒಂದೇ ಸಮೀಕರಣಕ್ಕೆ ಬಂದು ಸೇರುವುದನ್ನು ನೋಡಲು ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಡ.

ಶಾಖ ಒಂದೇ, ಹೊರೆಯ (ಒಂದು ಸಲಕ್ಕೆ ಡ್ರೈಯರಿಗೆ ತುಂಬುವ ಮೆಣಸಿನ) ತೂಕ ಒಂದೇ, ಬದಲಾಗುವುದು ಗಂಟೆ ಮಾತ್ರ ಎಂದಿಟ್ಟುಕೊಳ್ಳಿ. ಲೆಕ್ಕ ತೋರಿಸಲು ಕೆಲವು ಅಂಕಿ ಹಿಡಿಯೋಣ. ನಿಜದಲ್ಲಿ 26 ಗಂಟೆಗೆ ತೇವಾಂಶ ನಮ್ಮ ಗುರಿಯಾದ ಶೇ 11ಕ್ಕೆ ಬರುತ್ತದೆ. ಆ ಹದದ ಆಸುಪಾಸಿನಲ್ಲಿ ಪ್ರತಿ ಗಂಟೆಗೆ 0.5 ಅಂಶ ಇಳಿಯುತ್ತದೆ, ಇದನ್ನೇ ಮುಂದೆ ಇಳಿಜಾರು ಎನ್ನೋಣ. ಕಾಳಿನ ಗಾತ್ರ, ಕೊಯ್ಲಿನ ಬಲಿತ, ಮೀಟರಿನ ತಪ್ಪು ಎಲ್ಲ ಸೇರಿ ಹೊರೆಯಿಂದ ಹೊರೆಗೆ 0.6 ಅಂಶದ ಏರುಪೇರು (ಸ್ಟ್ಯಾಂಡರ್ಡ್ ಡೀವಿಯೇಶನ್) ಇದ್ದೇ ಇರುತ್ತದೆ. ನಮಗೆ ಇವು ಯಾವುವೂ ಮೊದಲೇ ಗೊತ್ತಿಲ್ಲ.

ಮಧ್ಯೆ ಬಾಗಿಲು ತೆಗೆದು ಮೀಟರ್ ಇಟ್ಟು ನೋಡಿದರಾಯಿತಲ್ಲ ಎನ್ನಬಹುದು. ಬಿಸಿ ಕಾಳಿನ ಮೇಲ್ಮೈ ಒಣಗಿದ್ದು ಒಳಗೆ ಹಸಿ ಇರುತ್ತದೆ, ಆಗ ಸಿಕ್ಕ ಅಂಕಿ ನಿಜವಾದ ತೇವಾಂಶಕ್ಕಿಂತ ಕಡಿಮೆ ತೋರಿಸಿ ಮೋಸ ಮಾಡುತ್ತದೆ. ತಣಿದು, ಒಳಗಿನ ತೇವ ಹೊರಗೆ ಸಮನಾದ ಮೇಲೆ ಬರುವ ಅಂಕಿಯೇ ಲೆಕ್ಕಕ್ಕೆ. ಈ ಕಾಯುವಿಕೆಯ ವಿಷಯ ಮುಂದೆ ಮತ್ತೆ ಬರುತ್ತದೆ.

1951ರಲ್ಲಿ ಸಂಖ್ಯಾಶಾಸ್ತ್ರದ ಹರ್ಬರ್ಟ್ ರಾಬಿನ್ಸ್ ಮತ್ತು ಸಟನ್ ಮನ್ರೋ ಇಂಥ ಪ್ರಶ್ನೆಗೆ ಒಂದು ಸರಳ ಸೂತ್ರ ಕೊಟ್ಟರು. ನಮ್ಮ ಡ್ರೈಯರಿಗೆ ಹೊಂದಿಸಿದರೆ ಅದು ಹೀಗೆ:

ಮುಂದಿನ ಗಂಟೆ = ಈಗಿನ ಗಂಟೆ + ಗುಣಕ × (ಬಂದ ತೇವಾಂಶ − 11)

ಗುಣಕ ಮೊದಲ ಹೊರೆಗೆ 2, ಎರಡನೆಯದಕ್ಕೆ 2ರ ಅರ್ಧ, ಮೂರನೆಯದಕ್ಕೆ 2ರ ಮೂರನೇ ಒಂದು, ಹೀಗೆ ಇಳಿಯುತ್ತ ಹೋಗುತ್ತದೆ. 20 ಗಂಟೆಯಿಂದ ಶುರು ಮಾಡಿ ಶೇ 14 ಬಂತು ಎನ್ನಿ. ಮುಂದಿನದು 20 + 2×3 = 26 ಗಂಟೆ. ಅಲ್ಲಿ 11.6 ಬಂದರೆ ಮುಂದೆ 26.6. ಅಲ್ಲಿ 10.4 ಬಂದರೆ 26.2. ಇಳಿಜಾರು ಎಷ್ಟೆಂದು ಯಾರೂ ಅಳೆಯಲಿಲ್ಲ, ಆದರೂ ಹದದ ಹತ್ತಿರ ಬಂದು ನಿಂತೆವು.

ಗುಣಕ ಯಾಕೆ ಇಳಿಯಬೇಕು? ಗುಣಕಗಳ ಮೊತ್ತ ಅನಂತಕ್ಕೆ ಹೋಗಬೇಕು, ಇಲ್ಲವಾದರೆ ದೂರದಿಂದ ಹೊರಟವನು ದಾರಿಯಲ್ಲೇ ನಿಲ್ಲುತ್ತಾನೆ. ಗುಣಕಗಳ ವರ್ಗಗಳ ಮೊತ್ತ ಮಾತ್ರ ಒಂದು ಮಿತಿಯೊಳಗೆ ಇರಬೇಕು, ಇಲ್ಲವಾದರೆ ಏರುಪೇರಿನ ಹಿಂದೆಯೇ ಸದಾ ಕುಣಿಯುತ್ತಿರುತ್ತೇವೆ. ಆರಂಭದ ಗುಣಕ ಎಷ್ಟಿರಬೇಕು ಎಂಬುದರಲ್ಲಿ ಹೆಚ್ಚು ಜನ ಎಡವುತ್ತಾರೆ. ಅತ್ಯುತ್ತಮ ಬೆಲೆ, ಒಂದನ್ನು ಇಳಿಜಾರಿನಿಂದ ಭಾಗಿಸಿದ್ದು. ಇಲ್ಲಿ 1 ಭಾಗಿಸು 0.5, ಅಂದರೆ 2. ಗುಣಕ ಮತ್ತು ಇಳಿಜಾರಿನ ಗುಣಲಬ್ಧ ಅರ್ಧಕ್ಕಿಂತ ಕೆಳಗಿಳಿದರೆ ಕೆಲಸ ಆಮೆಯ ನಡೆ. 2ರ ಬದಲು 0.5 ಇಟ್ಟಿರಿ ಎನ್ನಿ, ಗುಣಲಬ್ಧ 0.25. ಆಗ ತಪ್ಪನ್ನು ಅರ್ಧ ಮಾಡಲು 16 ಪಟ್ಟು ಹೊರೆ ಬೇಕು, ಸರಿಯಾದ ಗುಣಕವಿದ್ದರೆ 4 ಪಟ್ಟು ಸಾಕಿತ್ತು. ಅನುಮಾನವಿದ್ದರೆ ಗುಣಕವನ್ನು ತುಸು ದೊಡ್ಡದಾಗಿಯೇ ಇಡುವುದು ಮೇಲು.

ಈಗ ಗುಣಕವನ್ನು ಇಳಿಸದೆ ಒಂದೇ ಬೆಲೆಗೆ ಕಟ್ಟಿಬಿಡಿ. ಅದೇ ಸೂತ್ರ. ಆದರೆ ಇದನ್ನು ಕಾರ್ಖಾನೆಯ ಇನ್‌ಸ್ಟ್ರುಮೆಂಟೇಶನ್ ಎಂಜಿನಿಯರಿಗೆ ತೋರಿಸಿದರೆ ‘ಇದು ಇಂಟೆಗ್ರಲ್ ಕಂಟ್ರೋಲ್ ಅಲ್ಲವಾ’ ಎನ್ನುತ್ತಾರೆ. ಹೌದು, ಅದೇ. ತಪ್ಪನ್ನು ಕೂಡಿಸುತ್ತ ಹೋಗಿ ಅದಕ್ಕೆ ತಕ್ಕಂತೆ ವಾಲ್ವ್ ತಿರುಗಿಸುವ ನಿಯಂತ್ರಕ. ಸಂಖ್ಯಾಶಾಸ್ತ್ರದವರು ಹದ ಒಂದೇ ಕಡೆ ನಿಂತಿದೆ ಎಂದು ನಂಬಿ ಗುಣಕ ಇಳಿಸಿದರು. ನಿಯಂತ್ರಣದವರು ಹದ ಜಾರುತ್ತಿರುತ್ತದೆ ಎಂದು ನಂಬಿ ಗುಣಕ ಉಳಿಸಿಕೊಂಡರು. ನಂಬಿಕೆ ಬೇರೆ, ಗಣಿತ ಒಂದೇ.

ಕಟ್ಟಿದ ಗುಣಕಕ್ಕೆ ಬೆಲೆ ಎಷ್ಟು? ಗುಣಕ × ಇಳಿಜಾರು = 1 ಇಟ್ಟರೆ, ಅಂದರೆ ಪ್ರತಿ ಸಲವೂ ಬಂದ ತಪ್ಪನ್ನು ಪೂರ್ತಿ ತಿದ್ದಿದರೆ, ತೇವಾಂಶದ ವೇರಿಯನ್ಸ್ (ಏರುಪೇರಿನ ವರ್ಗ) ಸರಿಯಾಗಿ ಎರಡು ಪಟ್ಟಾಗುತ್ತದೆ. ಗುಣಮಟ್ಟ ನಿಯಂತ್ರಣದ ಡೆಮಿಂಗ್ ಅವರ ಫನಲ್ (ಆಲಿಕೆ) ಪ್ರಯೋಗದಲ್ಲಿ, ಮೇಲಿನಿಂದ ಬಿಟ್ಟ ಗೋಲಿ ಗುರಿಯಿಂದ ಎಷ್ಟು ತಪ್ಪಿ ಬಿತ್ತೋ ಅಷ್ಟೇ ಎದುರು ದಿಕ್ಕಿಗೆ ಪ್ರತಿ ಸಲ ಫನಲ್ ಸರಿಸಿದಾಗ ಆಗುವುದೂ ಇದೇ. 0.6ರ ಏರುಪೇರು 0.85 ಆಗುತ್ತದೆ. ಗುಣಲಬ್ಧವನ್ನು 0.2ಕ್ಕೆ ಇಳಿಸಿದರೆ ವೇರಿಯನ್ಸ್ ಹೆಚ್ಚುವುದು ಶೇ 11 ಮಾತ್ರ. ಇದನ್ನು ತೂಕಕ್ಕೆ ತಿರುಗಿಸಿ ನೋಡಿ. ಶೇ 12 ದಾಟಬಾರದು ಎಂದಿದ್ದರೆ ಗುರಿಯನ್ನು ಏರುಪೇರಿನ ಎರಡು ಪಟ್ಟು ಕೆಳಗೆ ಇಡಬೇಕು. ಏರುಪೇರು 0.6 ಇದ್ದಾಗ ಗುರಿ 10.8, 0.85 ಇದ್ದಾಗ 10.3. ಈ ಅರ್ಧ ಅಂಶದ ವ್ಯತ್ಯಾಸ ಕ್ವಿಂಟಾಲಿಗೆ ಸುಮಾರು 560 ಗ್ರಾಂ. ಅತಿ ಜಾಗರೂಕತೆಯಿಂದ ಪ್ರತಿ ಹೊರೆಗೂ ಗಂಟೆ ತಿರುಚಿದ್ದರ ದಂಡ ಅದು.

ಹಾಗಾದರೆ ಗುಣಕ ಇಳಿಯುತ್ತಲೇ ಹೋಗಲಿ ಎಂದರೆ ಅದೂ ಆಗದು. 50ನೇ ಹೊರೆಯಲ್ಲಿ ಗುಣಕ 0.04, ತೇವಾಂಶ ಒಂದು ಅಂಶ ತಪ್ಪಿದರೂ ತಿದ್ದುವುದು ಸುಮಾರು ಎರಡೂವರೆ ನಿಮಿಷ. ಅಷ್ಟರಲ್ಲಿ ಗಾಳಿ ಬರುವ ಜಾಲರಿಗೆ ಧೂಳು ಕಟ್ಟಿರುತ್ತದೆ, ಇಲ್ಲವೇ ಮೋಡ ಕವಿದು ಹೊರಗಿನ ಗಾಳಿಯೇ ಒದ್ದೆಯಾಗಿರುತ್ತದೆ. ಕೈಗೆ ಹೊಂದುವ ಮಧ್ಯದ ದಾರಿ: 2, 1, 0.67, 0.5, 0.4 ಎಂದು ಐದು ಹೊರೆ ಇಳಿಸಿ, ಆಮೇಲೆ 0.4ರಲ್ಲೇ ಉಳಿಯುವುದು. ಗುಣಲಬ್ಧ 0.2ಕ್ಕೆ ಬಂತು, ಸುಮಾರು ಐದು ಹೊರೆಗಳ ನೆನಪು ಉಳಿಯಿತು.

ಕಾಯುವಿಕೆಯ ವಿಷಯ ಇಲ್ಲಿ ಬರುತ್ತದೆ. ಮೆಣಸು ತಣಿದು ಅಂಕಿ ಸಿಗುವಷ್ಟರಲ್ಲಿ ಮುಂದಿನ ಹೊರೆ ಡ್ರೈಯರ್ ಒಳಗೆ ಹೋಗಿಯಾಗಿದೆ. ತಡ ಇಲ್ಲದಿದ್ದರೆ ಗುಣಲಬ್ಧ 2ಕ್ಕಿಂತ ಕೆಳಗಿರುವವರೆಗೂ ವ್ಯವಸ್ಥೆ ಹುಚ್ಚೆದ್ದು ಓಲಾಡುವುದಿಲ್ಲ. ಒಂದು ಹೊರೆಯ ತಡವಾದರೆ ಈ ಮಿತಿ 1ಕ್ಕೆ ಇಳಿಯುತ್ತದೆ, ಎರಡು ಹೊರೆಯ ತಡಕ್ಕೆ ಸುಮಾರು 0.62. ಮಿತಿಯ ಹತ್ತಿರ ಹೋದರೂ ಸಾಕು, ಒಂದು ಹೊರೆ ಕರಕಲು, ಮುಂದಿನದು ಹಸಿ ಎಂಬ ಓಲಾಟ ಶುರುವಾಗುತ್ತದೆ. ಎಲ್ಲರೂ ಕಾಳನ್ನೋ ಕೊಯ್ದವರನ್ನೋ ಬಯ್ಯುತ್ತಾರೆ; ತಪ್ಪು ತಡವಾಗಿ ಬಂದ ಅಂಕಿಗೆ ದೊಡ್ಡ ಗುಣಕ ಕೊಟ್ಟಿದ್ದರಲ್ಲಿ.

ಇಷ್ಟು ಹೊತ್ತೂ ಇಳಿಜಾರನ್ನು ಕಲಿಯದೆ ಸಾಗಿದೆವು. ಅದನ್ನೂ ಅಂದಾಜು ಮಾಡುತ್ತ, ಪ್ರತಿ ಸಲ ಆವರೆಗಿನ ಎಲ್ಲ ಅಂಕಿಗೆ ರಿಗ್ರೆಶನ್ ಗೆರೆ (ಅಂಕಿಗಳಿಗೆ ಅತಿ ಹತ್ತಿರ ಹಾಯುವ ನೇರ ಗೆರೆ) ಎಳೆದು, ಗೆರೆ ಶೇ 11ನ್ನು ಮುಟ್ಟುವ ಗಂಟೆಯನ್ನೇ ಮುಂದಿನ ಹೊರೆಗೆ ಇಡೋಣ ಎಂಬ ಯೋಚನೆ ಯಾರಿಗಾದರೂ ಬರುತ್ತದೆ. ಅಂದಾಜನ್ನೇ ನಿಜವೆಂದು ನಂಬಿ ನಡೆಯುವ ಈ ನಿಯಮ ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ ನೋಡಿ. ಮೊದಲ ಎರಡು ಹೊರೆ 24 ಮತ್ತು 25 ಗಂಟೆ. ನಿಜವಾಗಿ 12 ಮತ್ತು 11.5 ಬರಬೇಕಿತ್ತು, ಏರುಪೇರಿನ ಆಟದಲ್ಲಿ 13 ಮತ್ತು 11 ಬಂತು. ಇಳಿಜಾರು 0.5ರ ಬದಲು 2 ಎಂದು ಕಾಣುತ್ತದೆ, 25 ಗಂಟೆಯೇ ಹದ ಎಂದು ಗೆರೆ ಹೇಳುತ್ತದೆ. ಮತ್ತೆ 25 ಇಟ್ಟಿರಿ, 11.5 ಬಂತು. ಹೊಸ ಗೆರೆ ಹೇಳುವುದು 25 ಗಂಟೆ 9 ನಿಮಿಷ. ಬೇಕಿದ್ದದ್ದು ಇನ್ನೊಂದು ಗಂಟೆ, ಸಿಕ್ಕಿದ್ದು ಒಂಬತ್ತು ನಿಮಿಷ. ಅಂಕಿಗಳೆಲ್ಲ ಒಂದೇ ಕಡೆ ಗುಂಪು ಕಟ್ಟಿದ ಕಾರಣ ಇಳಿಜಾರಿನ ತಪ್ಪು ತಿದ್ದಿಕೊಳ್ಳುವ ದಾರಿಯೇ ಮುಚ್ಚಿಹೋಗುತ್ತದೆ.

ಇದರಲ್ಲಿ ಒಂದು ವಿಚಿತ್ರ ಅಸಮತೋಲವಿದೆ. ಇಳಿಜಾರು ನಿಜಕ್ಕಿಂತ ಸಣ್ಣದೆಂದು ತಪ್ಪಾಗಿ ತಿಳಿದರೆ ಮುಂದಿನ ಹೆಜ್ಜೆ ದೊಡ್ಡದಾಗುತ್ತದೆ. ಒಂದು ಹೊರೆ ಕೆಟ್ಟರೂ ದೂರದ ಅಂಕಿ ಸಿಕ್ಕು ತಪ್ಪು ಕೂಡಲೇ ಬಯಲಾಗುತ್ತದೆ. ಇಳಿಜಾರು ದೊಡ್ಡದೆಂದು ತಿಳಿದರೆ ಹೆಜ್ಜೆ ಸಣ್ಣದಾಗಿ ತಪ್ಪು ಬಚ್ಚಿಟ್ಟುಕೊಳ್ಳುತ್ತದೆ. ಹೆಚ್ಚು ನಷ್ಟ ಮಾಡುವುದು ಶಾಂತವಾಗಿ ಕಾಣುವ ಈ ಎರಡನೆಯದು. ಲೈ ಮತ್ತು ರಾಬಿನ್ಸ್ 1982ರ ಪ್ರಬಂಧದಲ್ಲಿ, ಇಂಥ ನಿಯಮ ತಪ್ಪು ಬೆಲೆಯಲ್ಲೇ ಶಾಶ್ವತವಾಗಿ ಸಿಕ್ಕಿಕೊಳ್ಳುವ ಸಂಭವ ಶೂನ್ಯವಲ್ಲ ಎಂದು ತೋರಿಸಿದರು. ಅದೇ ವರ್ಷ ಲೈ ಮತ್ತು ವೇ ಒಂದು ಷರತ್ತು ಕೊಟ್ಟರು: ಮಾಹಿತಿ ಅತಿ ಕಡಿಮೆ ಇರುವ ದಿಕ್ಕಿನಲ್ಲೂ (ಅಂದರೆ ಅಂಕಿಗಳಿಂದ ಅತಿ ಕಡಿಮೆ ತಿಳಿಯುವ ಸಂಗತಿಯ ಬಗ್ಗೆಯೂ) ಅದು ಅನಂತಕ್ಕೆ ಬೆಳೆಯಬೇಕು, ಮತ್ತು ಅತಿ ಹೆಚ್ಚು ಇರುವ ದಿಕ್ಕಿನ ಮಾಹಿತಿಯ ಲಾಗರಿದಮ್‌ಗಿಂತ ವೇಗವಾಗಿ ಬೆಳೆಯಬೇಕು. ಹಾಗಿದ್ದರೆ ಅಂದಾಜು ನಿಜಕ್ಕೆ ಬಂದು ಸೇರುತ್ತದೆ.

ಒಳ್ಳೆಯ ನಿಯಂತ್ರಣ ಕಲಿಕೆಯನ್ನು ಕೊಲ್ಲುತ್ತದೆ ಎಂಬ ಈ ಸಂಗತಿಗೆ ನಿಯಂತ್ರಣದ ಕಡೆಯಿಂದ ಹೆಸರಿಟ್ಟವರು ಸೋವಿಯತ್ ರಷ್ಯಾದ ಫೆಲ್ದ್‌ಬೌಮ್, 1960ರಲ್ಲಿ: ‘ಡ್ಯುಯಲ್ ಕಂಟ್ರೋಲ್’. ಕೊಡುವ ಪ್ರತಿ ಒತ್ತಿಗೂ ಎರಡು ಕೆಲಸ, ಗುರಿ ಮುಟ್ಟಿಸುವುದು ಮತ್ತು ವ್ಯವಸ್ಥೆಯನ್ನು ಕೆಣಕಿ ತಿಳಿಯುವುದು. ಸಂಖ್ಯಾಶಾಸ್ತ್ರದ ಕಡೆಯಿಂದ ರಿಚರ್ಡ್ ಬೆಲ್‌ಮನ್ ಇದನ್ನು ಡೈನಮಿಕ್ ಪ್ರೋಗ್ರಾಮಿಂಗ್ (ಕೊನೆಯಿಂದ ಹಿಂದಕ್ಕೆ ಒಂದೊಂದೇ ಹೆಜ್ಜೆಯ ಲೆಕ್ಕ ಹಾಕುವ ವಿಧಾನ) ಕಣ್ಣಿನಲ್ಲಿ ನೋಡಿದ ಪ್ರಬಂಧ 1956ರಲ್ಲಿ ಅಚ್ಚಾಗಿದ್ದು ನಮ್ಮದೇ ದೇಶದ ‘ಸಂಖ್ಯಾ’ ಪತ್ರಿಕೆಯಲ್ಲಿ, ಮಹಾಲನೋಬಿಸ್ ಕಟ್ಟಿದ ಕೋಲ್ಕತ್ತದ ಸಂಸ್ಥೆಯದು. 1962ರಲ್ಲಿ ಬಾಕ್ಸ್ ಮತ್ತು ಜೆಂಕಿನ್ಸ್ ಎರಡೂ ಎಳೆಗಳನ್ನು ಒಂದೇ ಪ್ರಬಂಧದಲ್ಲಿ ಹೆಣೆದರು. ಪೂರ್ತಿ ಡ್ಯುಯಲ್ ಉತ್ತರವನ್ನು ಲೆಕ್ಕ ಹಾಕುವುದು ಮಾತ್ರ ಸಣ್ಣ ಸಮಸ್ಯೆಗಳಿಗೂ ಕೈಗೆ ಮೀರಿದ್ದು. ಅದಕ್ಕೇ ಎಲ್ಲರೂ ಅಂದಾಜಿನ ನಿಯಮಕ್ಕೆ ಸ್ವಲ್ಪ ಅಲುಗಾಟ ಸೇರಿಸಿ ಕೆಲಸ ಸಾಗಿಸುತ್ತಾರೆ.

ಅಲುಗಾಟ ಎಷ್ಟು? ಮೊದಲ ಎಂಟು ಹೊರೆಗೆ ನಿಯಮ ಹೇಳಿದ ಗಂಟೆಗೆ ಒಂದೂವರೆ ಗಂಟೆ ಕೂಡಿಸಿ ಅಥವಾ ಕಳೆಯಿರಿ. ಇಳಿಜಾರು 0.14ರಷ್ಟು ತಪ್ಪಿನೊಳಗೆ ಸಿಗುತ್ತದೆ. ಅರ್ಧ ಗಂಟೆ ಮಾತ್ರ ಅಲುಗಿಸಿದರೆ 16 ಹೊರೆ ಆದಮೇಲೂ ತಪ್ಪು 0.3, 0.5ರ ಇಳಿಜಾರಿಗೆ 0.3ರ ತಪ್ಪು ಎಂದರೆ ಏನೂ ಕಲಿಯಲಿಲ್ಲ ಎಂದೇ ಅರ್ಥ. ದೊಡ್ಡ ಅಲುಗಾಟಕ್ಕೆ ದಂಡವೂ ದೊಡ್ಡದು, ಹೊರೆಗಳು 0.75 ಅಂಶ ಮೇಲೆ ಕೆಳಗೆ ಬೀಳುತ್ತವೆ. ಮೆಣಸಿನಲ್ಲಿ ಒಂದು ಅನುಕೂಲವಿದೆ: 11.75 ಮತ್ತು 10.25ರ ಜೋಡಿ ಹೊರೆಗಳನ್ನು ಚೀಲಕ್ಕೆ ತುಂಬುವ ಮೊದಲು ಚೆನ್ನಾಗಿ ಬೆರೆಸಿದರೆ ಸರಾಸರಿ 11. ಎಂಟು ಹೊರೆಯ ನಂತರ ಅಲುಗಾಟವನ್ನು ಕುಗ್ಗಿಸುತ್ತ ಹೋಗಬೇಕು, ಅದರ ವರ್ಗ ಹೊರೆಯ ಸಂಖ್ಯೆಗೆ ವಿಲೋಮವಾಗಿ. ಹಾಗೆ ಮಾಡಿದರೆ ಕಲಿಕೆಗೆ ತೆತ್ತ ಒಟ್ಟು ದಂಡ ಲಾಗರಿದಮ್ ವೇಗದಲ್ಲಿ, ಅಂದರೆ ಬಹಳ ನಿಧಾನವಾಗಿ ಮಾತ್ರ ಬೆಳೆಯುತ್ತದೆ.

ಕೂಡಿಸಬೇಕೋ ಕಳೆಯಬೇಕೋ ಎಂಬುದನ್ನು ನಾಣ್ಯ ಚಿಮ್ಮಿಯೇ ನಿರ್ಧರಿಸಿ. ಬೆಳಗಿನ ಹೊರೆಗೆ ಕೂಡಿಸು, ರಾತ್ರಿಯ ಹೊರೆಗೆ ಕಳೆ ಎಂದರೆ, ಮಲೆನಾಡಿನ ರಾತ್ರಿಯ ಇಬ್ಬನಿ ಗಾಳಿಯ ಪರಿಣಾಮವನ್ನು ಗಂಟೆಯ ಪರಿಣಾಮವೆಂದು ಬರೆದುಕೊಳ್ಳುತ್ತೀರಿ.

ಡ್ರೈಯರಿನಲ್ಲಿ ಒಂದು ಹೊರೆಯ ನೆನಪು ಮುಂದಿನದಕ್ಕೆ ಇರುವುದಿಲ್ಲ. ಅಡಿಕೆ ತೋಟದ ಡ್ರಿಪ್ ಹಾಗಲ್ಲ. ನಿನ್ನೆಯ ನೀರು ಇವತ್ತಿನ ಮಣ್ಣಿನಲ್ಲಿದೆ. ಪ್ರಯೋಗ ವಿನ್ಯಾಸದವರಿಗೆ ಈ ಉಳಿಕೆ ತಲೆನೋವು, ನಡುವೆ ಬಿಡುವು ಕೊಟ್ಟು ತೊಳೆಯಲು ನೋಡುತ್ತಾರೆ. ನಿಯಂತ್ರಣದವರಿಗೆ ಅದೇ ‘ಸ್ಟೇಟ್’ (ವ್ಯವಸ್ಥೆಯ ಈಗಿನ ಸ್ಥಿತಿ), ಅದಿಲ್ಲದೆ ಅವರಿಗೆ ಕೆಲಸವೇ ಇಲ್ಲ.

ಡ್ರಿಪ್ಪಿನಲ್ಲಿ ಅಂಕಿ ಓದುವಾಗ ಬಹಳ ಜನ ಬೀಳುವ ಹೊಂಡ ಒಂದಿದೆ. ಮಣ್ಣು ನೀರನ್ನು ಎಷ್ಟು ಬಿಗಿಯಾಗಿ ಹಿಡಿದಿದೆ ಎಂದು ತೋರಿಸುವ ಟೆನ್ಸಿಯೋಮೀಟರ್ ಮುಳ್ಳು ಏರಿದಾಗ, ಅಂದರೆ ಮಣ್ಣು ಒಣಗಿದಾಗ, ಹೆಚ್ಚು ಹೊತ್ತು ನೀರು ಬಿಡುತ್ತೇವೆ. ಬೇಸಿಗೆ ಮುಗಿದ ಮೇಲೆ ಪುಸ್ತಕದ ಅಂಕಿಗಳಿಗೆ ರಿಗ್ರೆಶನ್ ಹಾಕಿದರೆ ‘ನೀರು ಹೆಚ್ಚಾದಷ್ಟೂ ಮಣ್ಣು ಒಣಗುತ್ತದೆ’ ಎಂದು ಬರುತ್ತದೆ! ನಿಯಂತ್ರಣ ಇನ್ನೂ ಚೆನ್ನಾಗಿದ್ದರೆ ಮುಳ್ಳು ಅಲ್ಲಾಡುವುದೇ ಇಲ್ಲ, ನೀರು ಮಾತ್ರ ಬದಲಾಗುತ್ತಿರುತ್ತದೆ, ಆಗ ‘ನೀರಿಗೂ ತೇವಕ್ಕೂ ಸಂಬಂಧವಿಲ್ಲ’ ಎಂಬ ಫಲಿತಾಂಶ. ಗೆರೆ ತೋರಿಸುತ್ತಿರುವುದು ಮಣ್ಣಿನ ಗುಣವನ್ನಲ್ಲ, ನೀರು ಬಿಡುವವರ ನಿಯಮವನ್ನು. ಆಸ್ಪತ್ರೆಯ ದಾಖಲೆಗಳಲ್ಲಿ, ಹೆಚ್ಚು ಔಷಧ ಪಡೆದವರೇ ಹೆಚ್ಚು ಕಾಯಿಲೆಯಲ್ಲಿರುವಂತೆ ಕಾಣುವುದೂ ಇದೇ ಕಾರಣಕ್ಕೆ.

ಪರಿಹಾರ ಮತ್ತೆ ಅಲುಗಾಟವೇ, ಆದರೆ ಮುಳ್ಳು ನೋಡದೆ ಮೊದಲೇ ಬರೆದಿಟ್ಟದ್ದು. ಗಂಟೆಗೆ 4 ಲೀಟರಿನ ಎರಡು ಡ್ರಿಪ್ಪರ್ ಇರುವ ಮರಕ್ಕೆ 120 ನಿಮಿಷ ಎಂದರೆ 16 ಲೀಟರ್. ನಿಯಮ ಎಷ್ಟು ನಿಮಿಷ ಹೇಳಿದರೂ ಅದಕ್ಕೆ ದಿನಕ್ಕೊಂದರಂತೆ ಈ ಸರಣಿಯಲ್ಲಿ 30 ನಿಮಿಷ ಕೂಡಿಸಿ ಅಥವಾ ಕಳೆಯಿರಿ: ಕೂಡು, ಕೂಡು, ಕೂಡು, ಕಳೆ, ಕೂಡು, ಕಳೆ, ಕಳೆ. 120ರ ದಿನ ಅದು 20 ಲೀಟರ್ ಅಥವಾ 12 ಲೀಟರ್. ನಿಯಂತ್ರಣದವರು ಇದನ್ನು ಹುಸಿ ಯಾದೃಚ್ಛಿಕ ಸರಣಿ ಎನ್ನುತ್ತಾರೆ. ಪ್ರಯೋಗ ವಿನ್ಯಾಸದ ಪ್ಲಾಕೆಟ್ ಮತ್ತು ಬರ್ಮನ್ 1946ರಲ್ಲಿ ಕೊಟ್ಟ, ಎಂಟು ಸಲ ಪ್ರಯೋಗ ನಡೆಸುವ ವಿನ್ಯಾಸದ ಮೊದಲ ಸಾಲೂ ಇದೇ. ಕೂಡು ಎಂದರೆ +1, ಕಳೆ ಎಂದರೆ −1 ಎಂದಿಟ್ಟು, ಮತ್ತೆ ಮತ್ತೆ ಮರಳುವ ಈ ಸರಣಿಯನ್ನು ಒಂದರಿಂದ ಆರರವರೆಗೆ ಎಷ್ಟು ದಿನ ಸರಿಸಿ ಮೂಲದ ಪಕ್ಕ ಇಟ್ಟರೂ ಎರಡರ ಹೋಲಿಕೆ (ಕೋರಿಲೇಶನ್) ಏಳನೇ ಒಂದರಷ್ಟು ಋಣ, ಒಂದೇ ಸಮ. ಹಾಗಾಗಿ ಇವತ್ತಿನ ನೀರು ನಾಳೆ ಎಷ್ಟು, ನಾಡಿದ್ದು ಎಷ್ಟು ಕೆಲಸ ಮಾಡಿತು ಎಂಬುದನ್ನು ಬೇರೆ ಬೇರೆಯಾಗಿ ಬಿಡಿಸಬಹುದು: ಸರಣಿಯನ್ನು ಒಂದು ದಿನ, ಎರಡು ದಿನ ಸರಿಸಿ, ಮುಳ್ಳಿನ ಅಂಕಿಯೊಂದಿಗೆ ಗುಣಿಸಿ ಕೂಡಿಸಿ. ಮೊದಲ ಸುತ್ತಿನ ಅಂಕಿಯನ್ನು ಬಿಟ್ಟುಬಿಡಿ, ಹಳೆಯ ತೇವದ ನೆನಪು ಅದರಲ್ಲಿ ಬೆರೆತಿರುತ್ತದೆ.

ಏಳರ ಸರಣಿಯಲ್ಲಿ ಒಂದು ತೊಡಕು ಉಂಟು. ಅದು ಸರಿಯಾಗಿ ವಾರಕ್ಕೊಮ್ಮೆ ಮರಳುತ್ತದೆ, ಸಂತೆಯ ದಿನ ಆಳು ಬರದೆ ಪಂಪ್ ತಡವಾಗುವುದೂ ವಾರಕ್ಕೊಮ್ಮೆಯೇ. ಎರಡೂ ಬೆರೆತರೆ ಬಿಡಿಸಲಾಗದು. 15ರ ಸರಣಿ ಇದಕ್ಕಿಂತ ಮೇಲು, ನಾಲ್ಕು ಸುತ್ತಿಗೆ ಎರಡು ತಿಂಗಳು, ಬೇಸಿಗೆಯಲ್ಲಿ ಅಷ್ಟು ಸಮಯ ಸಿಗುತ್ತದೆ.

ಎರಡು ವಿಧಾನಗಳಲ್ಲಿ ಯಾವುದು ಮೇಲೆಂದು ನೋಡುತ್ತ, ಗೆಲ್ಲುತ್ತಿರುವುದಕ್ಕೆ ಹೆಚ್ಚು ಪಾಲು ಕೊಡುವ ಅಡಾಪ್ಟಿವ್ ಪ್ರಯೋಗಗಳ ಬಗ್ಗೆ ಚಿಕ್ಕದಾಗಿ. ಒಣಗಿಸುವ ಮೊದಲು ಮೆಣಸನ್ನು ಕುದಿಯುವ ನೀರಿನಲ್ಲಿ ಒಂದು ನಿಮಿಷ ಅದ್ದಿದ್ದು, ಅದ್ದದೇ ಇದ್ದದ್ದು ಎನ್ನಿ. ಇಲ್ಲೂ ಮೇಲಿನ ರೋಗವೇ: ಮೊದಲೆರಡು ಸಲ ದುರದೃಷ್ಟದಿಂದ ಸೋತ ವಿಧಾನಕ್ಕೆ ಮುಂದೆ ಅವಕಾಶವೇ ಸಿಗದೆ, ಅದರ ಸರಾಸರಿ ಕೆಳಗೇ ಹೆಪ್ಪುಗಟ್ಟುತ್ತದೆ. 1985ರಲ್ಲಿ ಪ್ರಕಟವಾದ ಮಿಶಿಗನ್‌ನ ನವಜಾತ ಶಿಶುಗಳ ಎಕ್ಮೋ (ರಕ್ತಕ್ಕೆ ದೇಹದ ಹೊರಗಿನ ಯಂತ್ರದಿಂದ ಆಮ್ಲಜನಕ ಕೊಡುವ ಚಿಕಿತ್ಸೆ) ಪ್ರಯೋಗದಲ್ಲಿ ಗೆದ್ದದ್ದಕ್ಕೆ ಪಾಲು ಹೆಚ್ಚಿಸುವ ನಿಯಮದಿಂದ 11 ಶಿಶುಗಳಿಗೆ ಹೊಸ ಚಿಕಿತ್ಸೆ, ಒಂದಕ್ಕೆ ಮಾತ್ರ ಹಳೆಯದು ಸಿಕ್ಕಿತು. 11 ಬದುಕಿದವು, ಆ ಒಂದು ತೀರಿಕೊಂಡಿತು. ಒಂದೇ ಶಿಶುವಿನ ಹೋಲಿಕೆಯಿಂದ ಏನು ತೀರ್ಮಾನಿಸಬಹುದು ಎಂಬ ಜಗಳ ವರ್ಷಗಟ್ಟಲೆ ನಡೆಯಿತು.

ಹಾಗಾಗಿ ಐದು ಹೊರೆಗೊಂದು ಕಟ್ಟು ಮಾಡಿ, ಎಷ್ಟೇ ಗೆಲ್ಲುತ್ತಿದ್ದರೂ ಪಾಲು 4ಕ್ಕೆ 1ನ್ನು ಮೀರದಂತೆ ಇಡಿ, ಕಟ್ಟಿನೊಳಗಿನ ಸರದಿಯನ್ನು ಚೀಟಿ ಎತ್ತಿ ಗೊತ್ತುಮಾಡಿ. ಹೋಲಿಕೆಯನ್ನು ಕಟ್ಟಿನೊಳಗೇ ಮಾಡಬೇಕು. ಪಾಲು ತಿಂಗಳಿಂದ ತಿಂಗಳಿಗೆ ಬದಲಾದಾಗ ಹವೆಯೂ ಬದಲಾಗಿರುತ್ತದೆ. ಪ್ರತಿ ಹೊರೆಯ ಪಕ್ಕದಲ್ಲಿ ಆ ವಿಧಾನ ಬೀಳುವ ಸಂಭವ 0.8 ಇತ್ತೋ 0.2 ಇತ್ತೋ ಎಂದು ಆಗಲೇ ಬರೆಯಿರಿ. ಆಮೇಲೆ ಸರಾಸರಿ ತೆಗೆಯುವಾಗ ಮೊದಲನೆಯದಕ್ಕೆ 1.25, ಎರಡನೆಯದಕ್ಕೆ 5 ತೂಕ ಕೊಡಬೇಕು, ಆ ಅಂಕಿ ನೆನಪಿನಿಂದ ಸಿಗುವಂಥದ್ದಲ್ಲ.

ಅಡಿಕೆಯ ಕೊಳೆ ರೋಗಕ್ಕೆ ಇದನ್ನೆಲ್ಲ ಹಚ್ಚಲು ಹೋಗಬೇಡಿ. 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ, 100 ಲೀಟರ್ ನೀರಿನ ಬೋರ್ಡೋ ದ್ರಾವಣವನ್ನು ಮಳೆಗೆ ಮೊದಲು ಒಮ್ಮೆ, ಮತ್ತೆ 40-45 ದಿನಕ್ಕೊಮ್ಮೆ ಹೊಡೆಯುವುದು. ಇಡೀ ಮಳೆಗಾಲಕ್ಕೆ ಎರಡೋ ಮೂರೋ ಸಲ ಮಾತ್ರ ಫಲ ತಿಳಿಯುತ್ತದೆ, ಅದೂ ಕಾಯಿ ಉದುರಿದ ಮೇಲೆ. ಇಷ್ಟು ತಡವಾಗಿ, ಇಷ್ಟು ವಿರಳವಾಗಿ ಬರುವ ಅಂಕಿಗೆ ಫೀಡ್‌ಬ್ಯಾಕ್ ಕಟ್ಟಿದರೆ ಕಳೆದ ವರ್ಷದ ಮಳೆಯನ್ನು ಈ ವರ್ಷ ತಿದ್ದಿದಂತಾಗುತ್ತದೆ. ಇಲ್ಲಿ ಹಳೆಯ ಬ್ಲಾಕ್ ವಿನ್ಯಾಸವೇ ಸರಿ: ಗುಡ್ಡದ ಬದಿ, ನಡು, ಹೊಳೆಯ ಬದಿ ಎಂದು ತೋಟವನ್ನು ಮೂರು ಬ್ಲಾಕ್ ಮಾಡಿ, ಪ್ರತಿ ಬ್ಲಾಕಿನಲ್ಲೂ ಎಲ್ಲ ಉಪಚಾರಗಳನ್ನು ಚೀಟಿ ಎತ್ತಿ ಹಂಚಿ. ಎರಡು ಉಪಚಾರಗಳು ಕೂಡುವ ಗಡಿ ಸಾಲಿನ ಮರಗಳಿಗೂ ದ್ರಾವಣ ಹೊಡೆಯಬೇಕು. ಆದರೆ ಗಾಳಿಗೆ ಅತ್ತಿತ್ತ ಹಾರಿ ಬೀಳುವುದರಿಂದ ಅವುಗಳ ಅಡಿಯಲ್ಲಿ ಉದುರಿದ ಕಾಯಿಯನ್ನು ಎಣಿಕೆಗೆ ಸೇರಿಸಬಾರದು.